ಪೆಟ್ಟು ತೊಡೆಗೆ, ತೊಂದರೆ ಉಸಿರಿಗೆ: ಒಂದು ತಿಳಿವಳಿಕೆಯ ಚರಿತ್ರೆ



ನಮ್ಮ ವಿಲ್ಸನ್ ಗಾರ್ಡನ್‌ನಿಂದ ಹೊಸೂರು ರಸ್ತೆಗೆ ಬಂದು ದಕ್ಷಿಣಕ್ಕೆ ತಿರುಗಿದರೆ, ಸ್ವಲ್ಪ ದೂರದೊಳಗೇ ರಾಜ್ಯದ ದೊಡ್ಡ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಸಿಗುತ್ತವೆ. ಮೆದುಳು ಮತ್ತು ನರಗಳಿಗೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಮಕ್ಕಳಿಗೆ ಇಂದಿರಾ ಗಾಂಧಿ ಆಸ್ಪತ್ರೆ, ಎದೆಯ ಕಾಯಿಲೆಗಳಿಗೆ ರಾಜೀವ್ ಗಾಂಧಿ ಸಂಸ್ಥೆ (ಹಿರಿಯರು ಅದನ್ನು ಇಂದಿಗೂ ಟಿ.ಬಿ. ಆಸ್ಪತ್ರೆ ಎಂದೇ ಕರೆಯುತ್ತಾರೆ), ಅಪಘಾತ ಮತ್ತು ಮೂಳೆಗಳಿಗೆ ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆ. ಅಂಗಕ್ಕೊಂದು ಕಟ್ಟಡ, ಕಟ್ಟಡಕ್ಕೊಂದು ಕಾಂಪೌಂಡು. ಬೋರ್ಡುಗಳನ್ನು ಓದುತ್ತಾ ಹೋದವರಿಗೆ ದೇಹವೂ ಹೀಗೆಯೇ ಬೇರೆ ಬೇರೆ ಕಾಂಪೌಂಡುಗಳಾಗಿ ಇದೆಯೇನೋ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಅಪಘಾತದ ವಾರ್ಡುಗಳ ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳಿಗೆ ಕೆಲವೊಮ್ಮೆ ಬೇರೆಯೇ ಅನುಭವವಾಗುತ್ತದೆ. ಬೈಕಿನಿಂದ ಬಿದ್ದ ಯುವಕನ ತೊಡೆಮೂಳೆ ಮುರಿದಿದೆ. ತಲೆಗೆ ಪೆಟ್ಟಿಲ್ಲ, ಎದೆಗೆ ಪೆಟ್ಟಿಲ್ಲ. ಮೊದಲ ದಿನ ಮಾತನಾಡುತ್ತಾನೆ, ಚಹಾ ಕೇಳುತ್ತಾನೆ. ಎರಡನೆಯ ದಿನ ಸ್ವಲ್ಪ ಜ್ವರ, ಉಸಿರಾಟ ಜೋರು. ಮೂರನೆಯ ದಿನ ವೆಂಟಿಲೇಟರ್. ಆಗ ತಾಯಿಯೋ ಅಣ್ಣನೋ ಕೇಳುವ ಪ್ರಶ್ನೆ ಒಂದೇ: "ಡಾಕ್ಟರ್ ಸಾಹೇಬ್ರೇ, ಪೆಟ್ಟು ಬಿದ್ದದ್ದು ಕಾಲಿಗೆ. ಎದೆಗೆ ಏನು ಮಾಡಿದಿರಿ?" ಪ್ರಶ್ನೆಯಲ್ಲಿ ದುಃಖದ ಜೊತೆ ಸಂಶಯವೂ ಇರುತ್ತದೆ. ಎಷ್ಟೋ ಕಡೆ ಈ ಸಂಶಯವೇ ಜಗಳವಾಗಿ, ಗಾಜು ಒಡೆಯುವವರೆಗೂ ಹೋಗುತ್ತದೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ವೈದ್ಯರಿಗೇ ನೂರೈವತ್ತು ವರ್ಷ ಬೇಕಾಯಿತು. ಆ ಹುಡುಕಾಟದ ಕಥೆಯನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಜನರ ಬಾಯಲ್ಲಿ ಇದಕ್ಕೊಂದು ಹಳೆಯ ಉತ್ತರವಿದೆ: "ಗಾಯ ನಂಜಾಯಿತು." ಮನೆಯಲ್ಲಿ ಉರ್ದು ಆಡುವವರೂ "ಜಖಂ ಕಾ ಜಹರ್ ಫೈಲ್ ಗಯಾ" ಎನ್ನುತ್ತಾರೆ. ನಂಜು ಎಂದರೂ ಜಹರ್ ಎಂದರೂ ವಿಷವೇ. ಗಾಯದ ಜಾಗದಲ್ಲಿ ಏನೋ ಹುಟ್ಟಿ, ರಕ್ತದ ಜೊತೆ ಹರಿದು, ದೂರದ ಅಂಗವನ್ನು ಕೆಡಿಸುತ್ತದೆ ಎಂಬ ಭಾವನೆ ಎರಡು ಭಾಷೆಯಲ್ಲೂ ಇದೆ. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. ಲೇಖನದ ಕೊನೆಯ ಹೊತ್ತಿಗೆ ಇದರ ಬೆಲೆ ತಿಳಿಯುತ್ತದೆ.

ಮೊದಲು ಶ್ವಾಸಕೋಶದ ಜಾಗವನ್ನು ಅರಿಯಬೇಕು. ದೇಹದ ಎಲ್ಲ ಅಂಗಗಳಿಗೂ ರಕ್ತದ ಒಂದೊಂದು ಪಾಲು ಹೋಗುತ್ತದೆ; ಶ್ವಾಸಕೋಶಕ್ಕೆ ಮಾತ್ರ ಪಾಲಲ್ಲ, ಹೃದಯದ ಬಲಭಾಗದಿಂದ ಹೊರಟ ರಕ್ತವೆಲ್ಲವೂ ಹೋಗುತ್ತದೆ. ಇದನ್ನು ಮೊದಲು ಬರೆದಿಟ್ಟವರು ದಮಾಸ್ಕಸ್ ಕಡೆಯವರಾದ, ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್-ನಫೀಸ್. ಹೃದಯದ ಬಲ ಮತ್ತು ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ದಾಟುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಸಾವಿರ ವರ್ಷ ಎಲ್ಲರೂ ನಂಬಿದ್ದರು. ಇಬ್ನ್ ಸೀನಾರ 'ಕಾನೂನ್' ಗ್ರಂಥದ ಅಂಗರಚನೆಯ ಭಾಗಕ್ಕೆ 1242ರಲ್ಲಿ ವ್ಯಾಖ್ಯಾನ ಬರೆದ ಇಬ್ನ್ ಅಲ್-ನಫೀಸ್, ಆ ಗೋಡೆಯಲ್ಲಿ ರಂಧ್ರವಿಲ್ಲ, ರಕ್ತ ಶ್ವಾಸಕೋಶವನ್ನು ಸುತ್ತಿಯೇ ಎಡಭಾಗಕ್ಕೆ ಬರಬೇಕು ಎಂದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1288ರಲ್ಲಿ ಅವರು ತೀರಿಕೊಂಡರು, ಮಾತು ಮರೆತುಹೋಯಿತು. ವಿಲಿಯಂ ಹಾರ್ವಿ ರಕ್ತಚಲನೆಯ ಗ್ರಂಥ ಪ್ರಕಟಿಸಿದ್ದು 1628ರಲ್ಲಿ. ಇಬ್ನ್ ಅಲ್-ನಫೀಸರ ಹಸ್ತಪ್ರತಿಯ ಮಹತ್ವವನ್ನು ಬರ್ಲಿನ್‌ನ ಗ್ರಂಥಾಲಯದಲ್ಲಿ ಈಜಿಪ್ಟಿನ ವೈದ್ಯ ತತಾವಿ ಗುರುತಿಸಿ ಲೋಕಕ್ಕೆ ತಿಳಿಸಿದ್ದು 1924ರಲ್ಲಿ.

ಇದು ಹೆಮ್ಮೆಗಾಗಿ ಹೇಳಿದ ಮಾತಲ್ಲ. ಅಪಘಾತದಲ್ಲಿ ಇದರ ಅರ್ಥವೇನು ನೋಡಿ. ಮುರಿದ ತೊಡೆಯಿಂದ ಹೊರಟ ರಕ್ತ ಹೃದಯ ಸೇರಿ, ಅಲ್ಲಿಂದ ಮೊದಲು ಹೋಗುವುದು ಶ್ವಾಸಕೋಶಕ್ಕೆ. ಚರಂಡಿ ನೀರು ಮೋರಿಗೆ ಹೋಗುವ ಮೊದಲು ಒಂದು ಜಾಲರಿ ಇಟ್ಟರೆ ಕಸವೆಲ್ಲ ಜಾಲರಿಯಲ್ಲೇ ನಿಲ್ಲುತ್ತದಲ್ಲವೇ? ಗಾಯದಿಂದ ರಕ್ತಕ್ಕೆ ಸೇರಿದ್ದಕ್ಕೆ ಸಿಗುವ ಮೊದಲ ಜಾಲರಿ ಶ್ವಾಸಕೋಶದ ಲೋಮನಾಳಗಳು.

ಈ ಜಾಲರಿಯಲ್ಲಿ ಸಿಕ್ಕ ಮೊದಲ ವಸ್ತುವನ್ನು ಕಂಡವರು ಜರ್ಮನಿಯ ಜೆಂಕರ್. 1862ರಲ್ಲಿ, ಮೈ ಜಜ್ಜಿಹೋಗಿ ಸತ್ತ ಒಬ್ಬ ರೈಲ್ವೆ ಕೆಲಸಗಾರನ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಲೋಮನಾಳಗಳಲ್ಲಿ ಕೊಬ್ಬಿನ ಹನಿಗಳು ಕಾಣಿಸಿದವು. ದೊಡ್ಡ ಮೂಳೆಗಳ ಒಳಗಿನ ಮಜ್ಜೆಯಲ್ಲಿ ಕೊಬ್ಬು ತುಂಬಿರುತ್ತದೆ. ಮೂಳೆ ಮುರಿದಾಗ ಅದು ರಕ್ತನಾಳಕ್ಕೆ ನುಗ್ಗುತ್ತದೆ. 1873ರಲ್ಲಿ ಫಾನ್ ಬರ್ಗ್‌ಮನ್ ಎಂಬ ಶಸ್ತ್ರವೈದ್ಯರು ಬದುಕಿದ್ದ ರೋಗಿಯಲ್ಲೇ ಇದನ್ನು ಗುರುತಿಸಿದರು. ಬಹುಕಾಲ ವೈದ್ಯರು ಇಷ್ಟಕ್ಕೇ ತೃಪ್ತರಾದರು: ಕೊಬ್ಬು ಹೋಗಿ ನಾಳ ಕಟ್ಟಿತು, ಉಸಿರು ಕೆಟ್ಟಿತು. ಇದು ಸುಳ್ಳಲ್ಲ, ಆದರೆ ಸಾಲದು. ನಾಳ ಕಟ್ಟುವುದಾದರೆ ಮೂಳೆ ಮುರಿದ ಗಳಿಗೆಯಲ್ಲೇ ಕಟ್ಟಬೇಕಿತ್ತು. ಒಂದು ದಿನ, ಎರಡು ದಿನ ಕಳೆದ ಮೇಲೆ ಉಸಿರು ಕೆಡುವುದೇಕೆ? ಮೂಳೆಯೇ ಮುರಿಯದೆ ಹೊಟ್ಟೆಗೆ ಪೆಟ್ಟಾದವರಿಗೂ ಇದೇ ತೊಂದರೆ ಬರುವುದೇಕೆ?

ಉತ್ತರದ ಇನ್ನೊಂದು ತುದಿ ಇಟಲಿಯ ಮೆಸ್ಸಿನಾ ಊರಿನ ಸಮುದ್ರತೀರದಲ್ಲಿತ್ತು. 1882ರಲ್ಲಿ ರಷ್ಯಾದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್ ಅಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳ ಮೈಗೆ ಗುಲಾಬಿ ಗಿಡದ ಮುಳ್ಳು ಚುಚ್ಚಿ ಬಿಟ್ಟರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆದಾಡುವ ಕಣಗಳು ಮುತ್ತಿಕೊಂಡಿದ್ದವು. ನಮ್ಮ ಬಿಳಿ ರಕ್ತಕಣಗಳ ಕೆಲಸ ತಿಳಿದದ್ದು ಈ ದಾರಿಯಿಂದ. 1908ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ತರಗತಿಯಲ್ಲಿ ನಾವು ಮೇಷ್ಟ್ರುಗಳು ಬಿಳಿ ರಕ್ತಕಣಗಳನ್ನು "ದೇಹದ ಸೈನಿಕರು" ಎಂದು ಪಾಠ ಮಾಡುತ್ತೇವೆ. ಮಕ್ಕಳು ಅದನ್ನೇ ಬರೆದು ಅಂಕ ಪಡೆಯುತ್ತಾರೆ. ರೋಗನಿರೋಧಕ ಶಕ್ತಿಗೆ ಉರ್ದುವಿನಲ್ಲಿ 'ಕುವ್ವತ್-ಎ-ಮುದಾಫಅತ್' ಎಂಬ ಪದವಿದೆ, ಅದರಲ್ಲೂ ರಕ್ಷಣೆಯ ಅರ್ಥವೇ. ಆದರೆ ಒಂದು ವಿಷಯವನ್ನು ಗಮನಿಸಿ: ಮೆಚ್ನಿಕಾಫರ ಮುಳ್ಳು ರೋಗಾಣುವಲ್ಲ. ಆ ಕಣಗಳು ಓಡಿಬಂದದ್ದು ಗಾಯಕ್ಕೆ. ಈ ಸೂಕ್ಷ್ಮವನ್ನು ವೈದ್ಯಲೋಕ ಪೂರ್ತಿ ಬಳಸಿಕೊಳ್ಳಲು ಇನ್ನೂ ಒಂದು ಶತಮಾನ ಹಿಡಿಯಿತು.

ನಡುವೆ ಯುದ್ಧಗಳು ಬಂದವು. ಯುದ್ಧಭೂಮಿಯ ವೈದ್ಯಕೀಯದಲ್ಲಿ ಒಂದು ವಿಚಿತ್ರ ಕ್ರಮವನ್ನು ಕಾಣಬಹುದು: ಗಾಯಾಳುವನ್ನು ಒಂದು ಸಾವಿನಿಂದ ತಪ್ಪಿಸಿದರೆ, ಅದರ ಹಿಂದೆ ಅಡಗಿದ್ದ ಇನ್ನೊಂದು ಸಾವು ಎದುರಾಗುತ್ತದೆ. ಹಿಂದೆ ರಕ್ತ ಹೋಗಿಯೇ ಸಾಯುತ್ತಿದ್ದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ರಕ್ತ ಕೊಡುವ ವ್ಯವಸ್ಥೆ ಬಂದಾಗ, ಬದುಕುಳಿದವರಲ್ಲಿ ಮೂತ್ರಪಿಂಡ ಕೈಕೊಡುವುದು ಎದ್ದು ಕಂಡಿತು. ಕೊರಿಯಾ ಯುದ್ಧದಲ್ಲಿ (1950–53) ಡಯಾಲಿಸಿಸ್ ಯಂತ್ರ ಬಳಸಿದರು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರು ಗಾಯಾಳುವನ್ನು ಬೇಗ ಆಸ್ಪತ್ರೆಗೆ ತಂದಿತು. ರಕ್ತವೂ ಸಿಕ್ಕಿತು, ಮೂತ್ರಪಿಂಡವೂ ಉಳಿಯಿತು. ಆಗ ಎರಡು-ಮೂರು ದಿನದ ನಂತರ ಶ್ವಾಸಕೋಶ ನೀರು ತುಂಬಿ ಗಟ್ಟಿಯಾಗುವುದು ಬೆಳಕಿಗೆ ಬಂತು. ಅಲ್ಲಿನ ದಾ ನಾಂಗ್ ಎಂಬ ಊರಿನ ಸೈನಿಕ ಆಸ್ಪತ್ರೆಯಿಂದಾಗಿ 'ದಾ ನಾಂಗ್ ಶ್ವಾಸಕೋಶ' ಎಂಬ ಹೆಸರೇ ಬಿತ್ತು. ಎರಡನೆಯ ಮಹಾಯುದ್ಧದ ವೈದ್ಯರೂ, ಮುಖ್ಯವಾಗಿ ಎದೆಗೆ ಗಾಯವಾದವರಲ್ಲಿ, 'ಒದ್ದೆ ಶ್ವಾಸಕೋಶ' ಎಂದು ಇಂಥದ್ದನ್ನೇ ಬರೆದಿದ್ದರು. ಕಾಯಿಲೆ ಹೊಸದಲ್ಲ. ಅದು ಬರುವವರೆಗೆ ಜನ ಬದುಕುತ್ತಿದ್ದುದು ಹೊಸದು.

ಅಮೆರಿಕದ ಡೆನ್ವರ್ ನಗರದಲ್ಲಿ ಆಶ್‌ಬಾ, ಬಿಗೆಲೋ, ಪೆಟ್ಟಿ ಮತ್ತು ಲೆವಿನ್ ಎಂಬ ವೈದ್ಯರು 1967ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹನ್ನೆರಡು ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಏಳು ಮಂದಿಗೆ ತೀವ್ರ ಪೆಟ್ಟಾಗಿತ್ತು; ಉಳಿದವರಿಗೆ ಬೇರೆ ಕಾಯಿಲೆಗಳು. ಕಾರಣ ಬೇರೆ ಬೇರೆಯಾದರೂ ಎಲ್ಲರ ಶ್ವಾಸಕೋಶಕ್ಕೂ ಆದದ್ದು ಒಂದೇ. ಎಷ್ಟು ಆಮ್ಲಜನಕ ಕೊಟ್ಟರೂ ರಕ್ತಕ್ಕೆ ಸೇರದು. ಹನ್ನೆರಡರಲ್ಲಿ ಏಳು ಮಂದಿ ಸತ್ತರು. ಇದಕ್ಕೆ ಮುಂದೆ ಎ.ಆರ್.ಡಿ.ಎಸ್. ಎಂಬ ಹೆಸರು ನಿಂತಿತು. ಕನ್ನಡದಲ್ಲಿ ತೀವ್ರ ಉಸಿರಾಟ ಸಂಕಷ್ಟ ಎನ್ನೋಣ. ನಮ್ಮ ಶ್ವಾಸಕೋಶದಲ್ಲಿ ಕೋಟ್ಯಂತರ ಪುಟ್ಟ ಗಾಳಿಚೀಲಗಳಿವೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟೂ ದಪ್ಪವಿಲ್ಲ. ಈ ಪೊರೆ ಸೋರತೊಡಗಿದರೆ ಗಾಳಿಚೀಲಕ್ಕೆ ನೀರು ಮತ್ತು ಪ್ರೋಟೀನು ಇಳಿಯುತ್ತವೆ. ಒಣ ನೆಲದ ಮೇಲೆಯೇ ಮನುಷ್ಯ ಮುಳುಗಿದಂತೆ.

ಪೊರೆಯನ್ನು ಹಾಳುಮಾಡಿದವರು ಯಾರು? ಸುಳಿವು ಸಿಕ್ಕಿದ್ದು ಅಪಘಾತದ ವಾರ್ಡಿನಲ್ಲಲ್ಲ, ಡಯಾಲಿಸಿಸ್ ಕೋಣೆಯಲ್ಲಿ. ಡಯಾಲಿಸಿಸ್ ಆರಂಭವಾದ ಕೆಲವೇ ನಿಮಿಷದಲ್ಲಿ ರೋಗಿಯ ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ತಟ್ಟನೆ ಬಿದ್ದುಹೋಗುವುದನ್ನು 1968ರಲ್ಲಿ ಗಮನಿಸಿದ್ದರು. ಹೋದದ್ದೆಲ್ಲಿಗೆ? ಯಂತ್ರದ ಪರದೆ ತಾಗಿದಾಗ ರಕ್ತದಲ್ಲಿರುವ 'ಕಾಂಪ್ಲಿಮೆಂಟ್' ಎಂಬ ಎಚ್ಚರಿಕೆಯ ಪ್ರೋಟೀನುಗಳು ಕೆರಳಿ, ಬಿಳಿ ಕಣಗಳನ್ನು ಶ್ವಾಸಕೋಶದ ಲೋಮನಾಳಗಳಲ್ಲಿ ಅಂಟಿ ನಿಲ್ಲುವಂತೆ ಮಾಡುತ್ತವೆ ಎಂದು 1977ರಲ್ಲಿ ತಿಳಿಯಿತು. ಡಯಾಲಿಸಿಸ್‌ನಲ್ಲಿ ಅವು ಸ್ವಲ್ಪ ಹೊತ್ತಿಗೆ ಬಿಟ್ಟು ಹೊರಡುತ್ತವೆ. ದೊಡ್ಡ ಪೆಟ್ಟಾದಾಗ ಹೊರಡುವುದಿಲ್ಲ.

ಇವುಗಳಲ್ಲಿ ಮುಖ್ಯವಾದದ್ದು ನ್ಯೂಟ್ರೋಫಿಲ್ ಎಂಬ ಕಣ. ಆರೋಗ್ಯವಂತ ಮನುಷ್ಯನ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಶ್ವಾಸಕೋಶದ ಲೋಮನಾಳ ಇದಕ್ಕಿಂತ ಇಕ್ಕಟ್ಟು, ಮೈ ಉದ್ದ ಮಾಡಿಕೊಂಡು ತೂರಬೇಕು. ಎಚ್ಚರಿಕೆಯ ಸಂದೇಶ ತಾಗಿದ ಕಣ ಬಿಗಿಯಾಗಿಬಿಡುತ್ತದೆ, ತೂರಲಾಗದೆ ಅಲ್ಲೇ ನಿಲ್ಲುತ್ತದೆ. ನಿಂತ ಮೇಲೆ ತನಗೆ ಗೊತ್ತಿರುವ ಕೆಲಸ ಮಾಡುತ್ತದೆ: ರೋಗಾಣುವನ್ನು ಕೊಲ್ಲಲು ಇಟ್ಟುಕೊಂಡಿರುವ ಕಿಣ್ವಗಳನ್ನೂ ರಾಸಾಯನಿಕಗಳನ್ನೂ ಸುರಿಯುತ್ತದೆ. 2004ರಲ್ಲಿ ಬರ್ಲಿನ್‌ನ ಸಂಶೋಧಕರು ಇನ್ನೊಂದನ್ನು ತೋರಿಸಿದರು. ಈ ಕಣ ತನ್ನದೇ ಡಿ.ಎನ್.ಎ.ಯನ್ನು ಹೊರಚೆಲ್ಲಿ ಬಲೆಯಂತೆ ಬೀಸಿ ರೋಗಾಣುವನ್ನು ಹಿಡಿಯಬಲ್ಲದು. ಇಲ್ಲಿ ಹಿಡಿಯಲು ರೋಗಾಣುವಿಲ್ಲ. ಬಲೆ ಬೀಳುವುದು ನಮ್ಮದೇ ಪೊರೆಯ ಮೇಲೆ.

ಹಾಗಾದರೆ ಎಚ್ಚರಿಕೆಯ ಸಂದೇಶ ಕಳಿಸಿದ್ದು ಯಾರು? ಬಹುಕಾಲ ವೈದ್ಯರು ರೋಗಾಣುವನ್ನೇ ಹುಡುಕಿದರು. ಗಾಯದಲ್ಲಿ ಇಲ್ಲದಿದ್ದರೆ ಕರುಳಿನಿಂದ ಸೋರಿರಬೇಕು ಎಂದರು. ಎಷ್ಟೋ ರೋಗಿಗಳ ರಕ್ತ ಪರೀಕ್ಷೆ ಮಾಡಿದರೂ ಏನೂ ಬೆಳೆಯಲಿಲ್ಲ. 1994ರಲ್ಲಿ ಪಾಲಿ ಮ್ಯಾಟ್ಜಿಂಗರ್ ಎಂಬ ವಿಜ್ಞಾನಿ ಬೇರೆಯೇ ವಾದ ಮುಂದಿಟ್ಟರು: ದೇಹದ ರಕ್ಷಣಾ ವ್ಯವಸ್ಥೆ "ಇದು ನಮ್ಮದೋ ಪರರದೋ" ಎಂದು ಮಾತ್ರ ನೋಡುವುದಿಲ್ಲ, "ಅಪಾಯವಾಗಿದೆಯೋ" ಎಂದು ನೋಡುತ್ತದೆ, ಒಡೆದ ಜೀವಕೋಶದಿಂದ ಚೆಲ್ಲಿದ ವಸ್ತುವೇ ಅಪಾಯದ ಗಂಟೆ.

ಆ ಗಂಟೆಗಳಲ್ಲಿ ಒಂದನ್ನು ಬಾಸ್ಟನ್ ನಗರದಲ್ಲಿ ಕಾರ್ಲ್ ಹೌಸರ್ ಮತ್ತು ಚಿನ್ ಜಾಂಗ್ ಅವರ ತಂಡ ಕಂಡುಹಿಡಿದು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಇಲ್ಲಿ ನನ್ನ ವಿದ್ಯಾರ್ಥಿಗಳು ಸ್ವಲ್ಪ ನಿಧಾನವಾಗಿ ಓದಬೇಕು. ಬಹುತೇಕ ಎಲ್ಲ ಜೀವಕೋಶಗಳೊಳಗೂ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯ ಇರುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಈ ಮೈಟೊಕಾಂಡ್ರಿಯ ಬಹು ಹಿಂದೆ ಸ್ವತಂತ್ರ ಬ್ಯಾಕ್ಟೀರಿಯವಾಗಿತ್ತು, ಇನ್ನೊಂದು ಜೀವಕೋಶದೊಳಗೆ ಸೇರಿಕೊಂಡು ಅಲ್ಲೇ ನೆಲೆಸಿತು ಎಂಬ ವಾದವನ್ನು ಲಿನ್ ಮಾರ್ಗುಲಿಸ್ ಮಂಡಿಸಿದ್ದು, ಕಾಕತಾಳೀಯವೆಂಬಂತೆ, ಡೆನ್ವರ್ ವೈದ್ಯರ ಲೇಖನ ಬಂದ 1967ರಲ್ಲೇ. ಇಂದು ಅದು ಎಲ್ಲರೂ ಒಪ್ಪಿದ ವಿಷಯ. ಮೈಟೊಕಾಂಡ್ರಿಯಕ್ಕೆ ಈಗಲೂ ತನ್ನದೇ ಡಿ.ಎನ್.ಎ. ಇದೆ, ಅದು ಬ್ಯಾಕ್ಟೀರಿಯದ ಡಿ.ಎನ್.ಎ.ಯನ್ನು ಹೋಲುತ್ತದೆ. ಅದರ ಪ್ರೋಟೀನುಗಳ ಮೊದಲ ತುದಿಯಲ್ಲಿರುವ ಗುರುತು ಕೂಡ ಬ್ಯಾಕ್ಟೀರಿಯದ್ದೇ. ಕೋಶದ ಗೋಡೆಯೊಳಗೆ ಇರುವವರೆಗೆ ಇದನ್ನು ಯಾರೂ ಕೇಳುವುದಿಲ್ಲ. ಲಾರಿಯ ಚಕ್ರದಡಿ ತೊಡೆಯ ಸ್ನಾಯು ಜಜ್ಜಿಹೋದಾಗ ಲಕ್ಷಾಂತರ ಕೋಶಗಳು ಒಡೆದು ಮೈಟೊಕಾಂಡ್ರಿಯದ ತುಣುಕುಗಳು ರಕ್ತಕ್ಕೆ ಬೀಳುತ್ತವೆ. ನ್ಯೂಟ್ರೋಫಿಲ್ ಆ ಗುರುತನ್ನು ನೋಡಿ ಬ್ಯಾಕ್ಟೀರಿಯ ನುಗ್ಗಿದೆ ಎಂದೇ ತಿಳಿಯುತ್ತದೆ. ಬಾಸ್ಟನ್ ತಂಡ ತೀವ್ರವಾಗಿ ಗಾಯಗೊಂಡವರ ರಕ್ತದಲ್ಲಿ ಈ ಡಿ.ಎನ್.ಎ. ಆರೋಗ್ಯವಂತರಿಗಿಂತ ಸಾವಿರಾರು ಪಟ್ಟು ಹೆಚ್ಚಿರುವುದನ್ನು ಕಂಡಿತು. ಈ ತುಣುಕುಗಳನ್ನು ಇಲಿಗಳಿಗೆ ಚುಚ್ಚಿದಾಗ ಶ್ವಾಸಕೋಶದಲ್ಲಿ ಉರಿಯೂತ ಎದ್ದಿತು.

ಈಗ ಮೊದಲಿನ ಮಾತನ್ನು ನೆನೆಯಿರಿ. ಗಾಯದಲ್ಲಿ ನಂಜು ಹುಟ್ಟಿ ದೂರದ ಅಂಗಕ್ಕೆ ಹರಿಯಿತು ಎಂದ ನಮ್ಮ ಅಜ್ಜಿಯರು ದಾರಿಯನ್ನು ಸರಿಯಾಗಿಯೇ ಊಹಿಸಿದ್ದರು. ಆ ನಂಜಿನಲ್ಲಿ ರೋಗಾಣು ಇರಲೇಬೇಕಿಲ್ಲ, ಅದು ನಮ್ಮ ಮೈಯದೇ ಚೂರು ಆಗಿರಬಹುದು ಎಂಬುದಷ್ಟೇ ಅವರಿಗೆ ತಿಳಿದಿರಲಿಲ್ಲ. 2010ರವರೆಗೆ ಪ್ರೊಫೆಸರುಗಳಿಗೂ ಸರಿಯಾಗಿ ತಿಳಿದಿರಲಿಲ್ಲ ಎಂಬುದನ್ನೂ ಸೇರಿಸಬೇಕು.

ಈ ಜ್ಞಾನ ರೋಗಿಯ ಮಂಚದ ಬಳಿ ಏನು ಬದಲಾಯಿಸಿತು ಎಂದು ತಾವು ಕೇಳಬಹುದು. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಬಹಳ ಬದಲಾಯಿಸಿತು. ಹಿಂದೆ ತೊಡೆಮೂಳೆ ಮುರಿದವರನ್ನು ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ಮೈ ಸುಧಾರಿಸಲಿ, ಆಮೇಲೆ ಆಪರೇಷನ್ ಎಂಬ ನಂಬಿಕೆ. ಡಲ್ಲಾಸ್ ನಗರದ ವೈದ್ಯರು 178 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 24 ಗಂಟೆಯೊಳಗೆ, ಇನ್ನೊಂದಕ್ಕೆ 48 ಗಂಟೆಯ ನಂತರ ಮೂಳೆ ಜೋಡಿಸಿ 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲವು ಕಡೆ ಪೆಟ್ಟಾದವರಲ್ಲಿ, ತಡಮಾಡಿದ ಗುಂಪಿನ ಶ್ವಾಸಕೋಶಗಳೇ ಹೆಚ್ಚು ಕೆಟ್ಟವು. ಅಲುಗಾಡುವ ಮುರಿದ ಮೂಳೆ ಗಳಿಗೆಗೊಮ್ಮೆ ಮಜ್ಜೆಯನ್ನೂ ಒಡೆದ ಕೋಶಗಳ ಚೂರನ್ನೂ ರಕ್ತಕ್ಕೆ ತಳ್ಳುತ್ತಿತ್ತು.

ಹಾಗಿದ್ದರೆ ಎಲ್ಲರಿಗೂ ಮೊದಲ ದಿನವೇ ಆಪರೇಷನ್ ಮಾಡಿಬಿಡಬಹುದಲ್ಲ? ಮಾಡಿದರು. ಆಗ ಜರ್ಮನಿಯ ಹ್ಯಾನೋವರ್‌ನಲ್ಲಿ ಪಾಪೆ ಮತ್ತು ಸಂಗಡಿಗರು 1993ರಲ್ಲಿ ಎಚ್ಚರಿಸಿದರು: ಎದೆಗೂ ತೀವ್ರ ಪೆಟ್ಟಾಗಿರುವವನ ತೊಡೆಮೂಳೆಯೊಳಗೆ ಮೊದಲ ದಿನವೇ ಕೊರೆದು ರಾಡ್ ಹಾಕಿದರೆ ಎ.ಆರ್.ಡಿ.ಎಸ್. ಹೆಚ್ಚುತ್ತದೆ. ಆಪರೇಷನ್ ಕೂಡ ದೇಹಕ್ಕೆ ಒಂದು ಪೆಟ್ಟೇ. ಮೊದಲ ಪೆಟ್ಟಿಗೆ ಕೆರಳಿ ನಿಂತ ರಕ್ಷಣಾ ವ್ಯವಸ್ಥೆಗೆ ಎರಡನೆಯ ಪೆಟ್ಟು ಬಿದ್ದರೆ ಅದು ಹಿಡಿತಕ್ಕೆ ಸಿಗುವುದಿಲ್ಲ. ಇದರಿಂದ ಇಂದಿನ ಪದ್ಧತಿ ಬಂತು: ಮೈಮೇಲೆ ಹಲವು ಪೆಟ್ಟಿದ್ದು ರಕ್ತದೊತ್ತಡ ಕುಸಿದವನಿಗೆ ಮೊದಲ ದಿನ ಹೊರಗಿನಿಂದ ಕಂಬಿ ಹಾಕಿ ಮೂಳೆ ಅಲುಗದಂತೆ ಬಿಗಿಯುತ್ತಾರೆ, ಕೆಲವು ದಿನ ಬಿಟ್ಟು ಮೈ ತಿಳಿಯಾದ ಮೇಲೆ ಒಳಗಿನ ರಾಡ್. ಇತರ ರೋಗಿಗಳಿಗೆ ಬೇಗನೆ ಪೂರ್ಣ ಆಪರೇಷನ್. "ಪಕ್ಕದ ಮಂಚದವನಿಗೆ ಒಂದೇ ಸಲಕ್ಕೆ ಮಾಡಿದರು, ನಮ್ಮವನಿಗೆ ಎರಡು ಸಲ ಏಕೆ, ಬಿಲ್ಲಿಗಾಗಿಯೇ?" ಎಂದು ಕೇಳುವವರಿದ್ದಾರೆ. ಉತ್ತರ ಅನೇಕ ಸಲ ಶ್ವಾಸಕೋಶದಲ್ಲಿರುತ್ತದೆ.

ಇನ್ನೊಂದು ಆಲೋಚನೆ ಎಲ್ಲರಿಗೂ ಸಹಜವಾಗಿ ಬರುತ್ತದೆ. ರಕ್ಷಣಾ ವ್ಯವಸ್ಥೆಯೇ ತೊಂದರೆ ಕೊಡುತ್ತಿದ್ದರೆ ಅದನ್ನು ಸ್ಟಿರಾಯಿಡ್ ಕೊಟ್ಟು ಅಡಗಿಸಬಾರದೇಕೆ? ತಲೆಗೆ ಪೆಟ್ಟಾದವರ ವಿಷಯದಲ್ಲಿ ಇದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. 'ಕ್ರ್ಯಾಶ್' ಎಂಬ ಅಧ್ಯಯನದಲ್ಲಿ 10,008 ಮಂದಿ ಇದ್ದರು. 2004ರಲ್ಲಿ ಫಲಿತಾಂಶ ಬಂತು. ಸ್ಟಿರಾಯಿಡ್ ಪಡೆದವರಲ್ಲಿ ಎರಡು ವಾರದೊಳಗೆ ಶೇಕಡಾ 21.1 ಮಂದಿ ಸತ್ತರು, ಪಡೆಯದವರಲ್ಲಿ 17.9. ಒಳ್ಳೆಯದಾಗುತ್ತದೆಂದು ದಶಕಗಳಿಂದ ಕೊಡುತ್ತಿದ್ದ ಔಷಧ ಜೀವ ತೆಗೆಯುತ್ತಿತ್ತು. ರಕ್ಷಣಾ ವ್ಯವಸ್ಥೆಯ ಸ್ವಭಾವವೂ ವಿಚಿತ್ರ. ಪೆಟ್ಟಾದ ಮೊದಲ ದಿನಗಳಲ್ಲಿ ಕೆರಳುತ್ತಿರುವಾಗಲೇ ಇನ್ನೊಂದು ಕಡೆಯಿಂದ ದಣಿಯತೊಡಗುತ್ತದೆ. ವಾರ ಕಳೆಯುವಷ್ಟರಲ್ಲಿ ನಿಜವಾದ ರೋಗಾಣು ಬಂದರೆ ಎದುರಿಸುವ ಶಕ್ತಿ ಉಳಿದಿರುವುದಿಲ್ಲ. ಅಪಘಾತದ ರೋಗಿಗೆ ನ್ಯುಮೋನಿಯ ಬರುವುದು ಹೆಚ್ಚಾಗಿ ಈ ಹೊತ್ತಿನಲ್ಲಿ. ಐ.ಸಿ.ಯು. ಬಾಗಿಲಲ್ಲಿ ನಿಂತ ನರ್ಸಮ್ಮ ಒಬ್ಬೊಬ್ಬರನ್ನೇ ಒಳಗೆ ಬಿಟ್ಟು, ಕೈ ತೊಳೆಯಿರಿ ಎಂದು ಗದರುವುದು ಇದೇ ಕಾರಣಕ್ಕೆ. ನಮ್ಮ ಜನ ರೋಗಿಯನ್ನು ನೋಡಲು ಹೋಗುವುದನ್ನು ಪುಣ್ಯದ ಕೆಲಸವೆಂದು ತಿಳಿಯುತ್ತಾರೆ, ಅದು ನಿಜವೇ. ಹತ್ತು ಜನ ಒಟ್ಟಿಗೆ ಮಂಚ ಮುತ್ತುವುದು ಅದರಲ್ಲಿ ಸೇರಿಲ್ಲ.

ಪೆಟ್ಟಿನ ನಂತರದ ಈ ಕಾಯಿಲೆಗೆ ಇಂದಿಗೂ ನೇರ ಔಷಧವಿಲ್ಲ. ಜೀವ ಉಳಿಸಿದ್ದು ಸರಳ ಕ್ರಮಗಳು. ವೆಂಟಿಲೇಟರಿನಿಂದ ಜೋರಾಗಿ ಗಾಳಿ ತುಂಬಿದರೆ ಉಳಿದಿರುವ ಒಳ್ಳೆಯ ಗಾಳಿಚೀಲಗಳೂ ಹಿಗ್ಗಿ ಹರಿಯುತ್ತವೆ, ಉರಿಯೂತ ಹೆಚ್ಚುತ್ತದೆ. ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಪ್ರತಿ ಉಸಿರಿನ ಗಾಳಿಯನ್ನು ದೇಹತೂಕದ ಕಿಲೋಗೆ 12 ಮಿಲಿಲೀಟರಿನ ಬದಲು 6ಕ್ಕೆ ಇಳಿಸಿದಾಗ ಸಾವು ಶೇಕಡಾ 39.8ರಿಂದ 31ಕ್ಕೆ ಇಳಿಯಿತು. ಅದು 2000ದಲ್ಲಿ. 2013ರಲ್ಲಿ ಫ್ರಾನ್ಸಿನ ವೈದ್ಯರು ತೀವ್ರ ರೋಗಿಗಳನ್ನು ದಿನಕ್ಕೆ ಬಹಳ ಹೊತ್ತು ಬೋರಲು ಮಲಗಿಸಿ ಸಾವನ್ನು ಅರ್ಧಕ್ಕೆ ಇಳಿಸಿದರು. 2020ರ ಕೋವಿಡ್‌ನಲ್ಲಿ ಬೋರಲು ಮಲಗುವುದು ಮನೆಮನೆಯ ಮಾತಾಯಿತು. ಆ ಶ್ವಾಸಕೋಶಗಳಲ್ಲಿ ಆಗುತ್ತಿದ್ದುದೂ ಬಹುಮಟ್ಟಿಗೆ ಇದೇ. ಅಲ್ಲಿ ಸ್ಟಿರಾಯಿಡ್ ಉಪಯೋಗಕ್ಕೆ ಬಂತು, ತಲೆಗೆ ಪೆಟ್ಟಾದವರಲ್ಲಿ ಬರಲಿಲ್ಲ. ಒಂದು ಕಾಯಿಲೆಯ ಚೀಟಿ ಹಿಡಿದು ಇನ್ನೊಂದಕ್ಕೆ ಔಷಧ ತರಬಾರದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬರೋಣ, ಏಕೆಂದರೆ ಈ ಚರಿತ್ರೆಗೆ ಇಲ್ಲೊಂದು ಮುಂದುವರಿಕೆ ಇದೆ. ಅಪಘಾತವಾದವನನ್ನು "ಪೊಲೀಸ್ ಕೇಸು" ಎಂದು ಹಿಂದಕ್ಕೆ ಕಳಿಸಬಾರದು, ಯಾವ ವೈದ್ಯನೇ ಆಗಲಿ ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟು ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಓಡತೊಡಗಿದ್ದು 2008ರ ನವೆಂಬರ್ 1ರಿಂದ. ವಿಯೆಟ್ನಾಮಿನ ಹೆಲಿಕಾಪ್ಟರು ಮಾಡಿದ ಕೆಲಸವನ್ನೇ ಅದು ನಮ್ಮ ರಸ್ತೆಗಳಲ್ಲಿ ಮಾಡುತ್ತದೆ.

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಹರೀಶ್ ನಂಜಪ್ಪ ಎಂಬ ಯುವಕ ಲಾರಿಯಡಿ ಸಿಕ್ಕಿದರು. ಸಾಯುವ ಹೊತ್ತಿನಲ್ಲೂ ತಮ್ಮ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡರು. ತಾವು ಅದನ್ನು ಮರೆತಿರಲಾರಿರಿ. ಅವರ ಹೆಸರಿನಲ್ಲಿ ಮುಂದಿನ ತಿಂಗಳೇ ರಾಜ್ಯ ಸರ್ಕಾರ 'ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ' ಆರಂಭಿಸಿತು: ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಹಣ ಕೇಳದೆ ಚಿಕಿತ್ಸೆ. ಇದು ಒಳ್ಳೆಯ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ. ರಕ್ತಸ್ರಾವ ನಿಲ್ಲಿಸಲು, ಮೂಳೆ ಬಿಗಿಯಲು ಆ 48 ಗಂಟೆ ಬಹುಮುಖ್ಯ. ಆದರೆ ಈವರೆಗೆ ಓದಿದ್ದನ್ನು ಗಡಿಯಾರದ ಪಕ್ಕ ಇಟ್ಟು ನೋಡಿ. ಕೊಬ್ಬಿನ ಹನಿಗಳ ತೊಂದರೆ ಕಾಣಿಸುವುದು ಸಾಮಾನ್ಯವಾಗಿ 24ರಿಂದ 72 ಗಂಟೆಯ ನಡುವೆ. ಎ.ಆರ್.ಡಿ.ಎಸ್. ಎನ್ನಲು ತಜ್ಞರು ಬರ್ಲಿನ್‌ನಲ್ಲಿ ಇಟ್ಟ ಮಿತಿ ಪೆಟ್ಟಿನಿಂದ ಒಂದು ವಾರ. ನೆರವಿನ ಗಡಿಯಾರ ನಿಲ್ಲುವ ಹೊತ್ತಿಗೆ ಶ್ವಾಸಕೋಶದ ಗಡಿಯಾರ ಶುರುವಾಗುತ್ತದೆ. ವೆಂಟಿಲೇಟರಿನ ಬಿಲ್ಲೂ ಆಗಲೇ ಶುರು. ಮೂರನೆಯ ದಿನ ಮಗನನ್ನು ಆಂಬುಲೆನ್ಸಿನಲ್ಲಿ ಮಲಗಿಸಿಕೊಂಡು ಅಗ್ಗದ ಹಾಸಿಗೆ ಹುಡುಕುತ್ತಾ ಊರು ಸುತ್ತುವ ತಂದೆಯಂದಿರ ಕಷ್ಟ ಇಲ್ಲಿಂದ ಹುಟ್ಟುತ್ತದೆ.

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಮೊತ್ತ ಒಂದೂವರೆ ಲಕ್ಷ ರೂಪಾಯಿ, ಅವಧಿ ಏಳು ದಿನ. ಈ ಏಳು ದಿನದೊಳಗೆ ಶ್ವಾಸಕೋಶದ ಸಂಕಷ್ಟ ಹುಟ್ಟುವ ಕಾಲವೆಲ್ಲ ಬರುತ್ತದೆ, ಅದರ ಚಿಕಿತ್ಸೆಯ ಕಾಲವೆಲ್ಲ ಬರುವುದಿಲ್ಲ. ವೆಂಟಿಲೇಟರಿನಲ್ಲಿ ಎರಡು ವಾರ ಕಳೆಯುವವರೂ ಇದ್ದಾರೆ. ಹಾಗಿದ್ದರೂ 48 ಗಂಟೆಗೆ ಹೋಲಿಸಿದರೆ ದೊಡ್ಡ ಬದಲಾವಣೆ. ಗಾಯಾಳುವನ್ನು ತಂದು ಬಿಟ್ಟವರಿಗೆ ಕಾನೂನಿನ ರಕ್ಷಣೆ ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲೇ ಸೇರಿದೆ.

ಸದಸ್ಯರು ತಮ್ಮ ತಮ್ಮ ಮೊಹಲ್ಲಾಗಳಲ್ಲಿ ಹೇಳಬೇಕಾದ ಒಂದು ವಿವರವಿದೆ. ಆ ಏಳು ದಿನಗಳನ್ನು ಎಣಿಸುವುದು ಅಪಘಾತವಾದ ದಿನದಿಂದ, ಆಸ್ಪತ್ರೆಗೆ ಸೇರಿದ ದಿನದಿಂದ ಅಲ್ಲ. ಮುರಿದ ತೊಡೆಗೆ ಎಲ್ಲೋ ಎಣ್ಣೆ ಹಾಕಿ ನೀವಿಸಿ, ಪಟ್ಟಿ ಕಟ್ಟಿಸಿ, ಮೂರು ದಿನ ಮನೆಯಲ್ಲಿ ಮಲಗಿಸಿ, ಏದುಸಿರು ಬಂದ ಮೇಲೆ ಹೊಸೂರು ರಸ್ತೆಗೆ ಕರೆತಂದರೆ ಉಳಿಯುವುದು ನಾಲ್ಕು ದಿನ. ನೀವಿದಷ್ಟೂ ಹೊತ್ತು ಮಜ್ಜೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ.